ಸ್ಮಾರಕದ ಪಕ್ಕದ ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ರಕ್ಷಿತ ಸ್ಮಾರಕಗಳ ಸುತ್ತ ಬದುಕುವವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಬಾರಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ.

ನಮ್ಮ ಮನೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ (ಎಎಸ್‌ಐ) ರಕ್ಷಿಸಿರುವ ದೇವಸ್ಥಾನದಿಂದ ಸುಮಾರು 80 ಮೀಟರ್ ದೂರದಲ್ಲಿದೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ, ಮಳೆಗಾಲದಲ್ಲಿ ಸೋರುತ್ತದೆ. ಪಂಚಾಯಿತಿಯಲ್ಲಿ ಕೇಳಿದರೆ ‘ಒಂದು ಕಲ್ಲೂ ಅಲುಗಿಸುವಂತಿಲ್ಲ’ ಎನ್ನುತ್ತಾರೆ. ಇದು ನಿಜವೇ?
— ಬಾಗಲಕೋಟೆ ಜಿಲ್ಲೆಯ ಓದುಗರು

ನಿಜವಲ್ಲ. ಊರವರಿಗೂ ಇಲಾಖೆಗೂ ನಡುವೆ ಹುಟ್ಟುವ ಸಿಟ್ಟಿನ ದೊಡ್ಡ ಪಾಲು ಇಂಥ ಅರ್ಧ ತಿಳಿವಳಿಕೆಯಿಂದಲೇ ಬರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ಅನುಮತಿ ಪಡೆದು ಕಟ್ಟಬಹುದಾದ ನಿಯಂತ್ರಿತ ಪ್ರದೇಶ. ಇಲ್ಲಿ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ದೇವಸ್ಥಾನದ ಗೋಡೆಯಿಂದಲೋ ಗೋಪುರದಿಂದಲೋ ಟೇಪು ಹಿಡಿಯುತ್ತಾರೆ. ಅಳೆಯಬೇಕಾದದ್ದು ರಕ್ಷಿತ ಪ್ರದೇಶದ ಎಲ್ಲೆಯಿಂದ. ಕೆಲವು ಕಡೆ ಆ ಎಲ್ಲೆ ಗುಡಿಯಿಂದ ಬಹಳ ಆಚೆ, ನಿಮ್ಮ ಹಿತ್ತಿಲ ಪಕ್ಕಕ್ಕೇ ಬಂದಿರುತ್ತದೆ. ಹಾಗಾಗಿ ಮೊದಲು ಅಧಿಸೂಚನೆಯ ಪ್ರತಿ ಮತ್ತು ಎಲ್ಲೆಯ ನಕ್ಷೆಯನ್ನು ಇಲಾಖೆಯಿಂದ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಹಳೆಯದನ್ನು ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದಕ್ಕೂ ಇಲ್ಲ. ಆದರೆ ಇರುವ ಮನೆಯ ದುರಸ್ತಿಗೆ ಮತ್ತು ನವೀಕರಣಕ್ಕೆ ಅವಕಾಶವಿದೆ. ಷರತ್ತು ಒಂದೇ: ಮನೆ 1992ರ ಜೂನ್ 16ಕ್ಕಿಂತ ಮುಂಚೆ ಇದ್ದಿರಬೇಕು, ಅಥವಾ ಆ ಮೇಲೆ ಎಎಸ್‌ಐ ಮಹಾನಿರ್ದೇಶಕರ ಅನುಮತಿ ಪಡೆದು ಕಟ್ಟಿದ್ದಾಗಿರಬೇಕು. ನಿಮ್ಮದು ಅಜ್ಜನ ಕಾಲದ ಮನೆಯಾದ್ದರಿಂದ ಅರ್ಜಿ ಹಾಕಲು ನೀವು ಅರ್ಹರು. ಸಾರ್ವಜನಿಕ ಚರಂಡಿ, ಶೌಚಾಲಯ, ಕುಡಿಯುವ ನೀರಿನ ಕೊಳವೆ, ಊರಿನ ವಿದ್ಯುತ್ ಮಾರ್ಗದಂಥ ಕೆಲಸಗಳನ್ನು ಈ ಕಾಯ್ದೆ ‘ನಿರ್ಮಾಣ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಇದು ಎಷ್ಟೋ ಪಂಚಾಯಿತಿಗಳಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಚರಂಡಿಯೂ ಇಲ್ಲದೆ ಕೂತಿವೆ. ಆದರೂ ಅಗೆಯುವ ಮುಂಚೆ ಇಲಾಖೆಗೆ ಬರಹದಲ್ಲಿ ತಿಳಿಸಿ. ನೆಲದೊಳಗೆ ಹಳೆಯ ಪಾಯ ಸಿಗುವ ಸಂಭವ ಇದ್ದೇ ಇರುತ್ತದೆ.

ಅರ್ಜಿ ಹೋಗುವುದು ರಾಜ್ಯಕ್ಕೆ ನೇಮಕವಾದ ಸಕ್ಷಮ ಪ್ರಾಧಿಕಾರಕ್ಕೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಪ್ರಾಧಿಕಾರ 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳೊಳಗೆ ಅಭಿಪ್ರಾಯ ಬರಬೇಕು, ಬಂದ ಒಂದು ತಿಂಗಳೊಳಗೆ ನಿಮಗೆ ಉತ್ತರ ಕೊಡಬೇಕು. ಅಂದರೆ ಮಳೆಗಾಲಕ್ಕೆ ಮುಂಚೆ ಚಾವಣಿ ಸರಿಯಾಗಬೇಕಿದ್ದರೆ ದೀಪಾವಳಿ ಮುಗಿದೊಡನೆ ಅರ್ಜಿ ಹಾಕಿರಬೇಕು.

ಅರ್ಜಿಗಳು ವಾಪಸಾಗುವುದು ಸಾಮಾನ್ಯವಾಗಿ ದಾಖಲೆಯ ಕೊರತೆಯಿಂದ. ಮನೆ 1992ಕ್ಕೆ ಮುಂಚಿನದು ಎಂದು ತೋರಿಸಲು ಹಳೆಯ ಮನೆ ತೆರಿಗೆ ರಸೀದಿ, ವಿದ್ಯುತ್ ಸಂಪರ್ಕದ ಕಾಗದ, ಪಾಲು ಪತ್ರ, ಹಳೆಯ ಮತದಾರರ ಪಟ್ಟಿ, ಇವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಲಗತ್ತಿಸಿ. ನಾಲ್ಕೂ ಕಡೆಯಿಂದ ಮನೆಯ ಫೋಟೊ ತೆಗೆಯಿರಿ. ಎತ್ತರ ಬರೆಯುವಾಗ ಕೈಪಿಡಿ ಗೋಡೆ, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್ ಎಲ್ಲವನ್ನೂ ಸೇರಿಸಿ ಬರೆಯಿರಿ. ‘ದುರಸ್ತಿ’ ಎಂದು ಅನುಮತಿ ಪಡೆದು ಗೋಡೆ ಕೆಡವಿ ಆರ್‌ಸಿಸಿ ಹಾಕಿದರೆ ಅದು ಅಪರಾಧ. ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ನಿಮ್ಮೂರಿನ ಗುಡಿ ರಾಜ್ಯ ಪುರಾತತ್ವ ಇಲಾಖೆಯದಾದರೆ ಅನ್ವಯಿಸುವುದು 1961ರ ಕರ್ನಾಟಕದ ಕಾಯ್ದೆ, ಅರ್ಜಿಯ ದಾರಿಯೂ ಬೇರೆ. ಗುಡಿಯ ಮುಂದಿನ ನೀಲಿ ಫಲಕ ಯಾರದ್ದೆಂದು ಮೊದಲು ಓದಿಕೊಳ್ಳಿ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಿನ ದೇವಾಲಯ ನೋಡಲು ಬರುವವರು ಹೆಚ್ಚುತ್ತಿದ್ದಾರೆ. ಊರಿನವರದೇ ಒಂದು ಸಮಿತಿ ಮಾಡಬೇಕೆಂದಿದ್ದೇವೆ. ಹೇಗೆ ಶುರು ಮಾಡುವುದು? ಸಮಿತಿಯ ಮಾತಿಗೆ ಬೆಲೆ ಇರುತ್ತದೆಯೇ?
— ಹಾಸನ ಜಿಲ್ಲೆ

ಅಧ್ಯಕ್ಷ, ಕಾರ್ಯದರ್ಶಿ ಯಾರೆಂಬ ಮಾತಿನಿಂದ ಶುರು ಮಾಡಬೇಡಿ. ಆ ಸಭೆ ಅಲ್ಲೇ ಒಡೆಯುತ್ತದೆ. ಮೊದಲು ಸ್ಮಾರಕದ ಜೊತೆ ಯಾರ ಬದುಕು ಹೇಗೆ ಹೆಣೆದುಕೊಂಡಿದೆ ಎಂಬ ಪಟ್ಟಿ ಮಾಡಿ. ಅರ್ಚಕರು, ವಾದ್ಯದವರು, ತೇರು ಎಳೆಯುವ ಕೇರಿಯವರು, ಎಲ್ಲೆಗೆ ತಾಗಿದ ಹೊಲದವರು, ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು, ಎಳನೀರು, ಹೂವು ಮಾರುವವರು, ಆಟೊದವರು, ಮಾರ್ಗದರ್ಶಿಗಳು, 100 ಮೀಟರ್ ಒಳಗಿನ ಮನೆಯವರು. ಇವರೆಲ್ಲರನ್ನೂ ಕರೆದುಕೊಂಡು ಎಲ್ಲೆಯ ಸುತ್ತ ಒಮ್ಮೆ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ತೇರು ಎಲ್ಲಿ ತಿರುಗುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಕಸ ಎಲ್ಲಿ ಬೀಳುತ್ತದೆ ಎಂಬುದನ್ನು ಕೈಯಲ್ಲೇ ನಕ್ಷೆಗೆ ಹಾಕಿ. ಅಧಿಕಾರಿಗಳ ಬಳಿ ಇರುವ ಯಾವ ನಕ್ಷೆಯಲ್ಲೂ ಇಷ್ಟು ಸಂಗತಿ ಇರುವುದಿಲ್ಲ.

ಆಮೇಲೆ 11ರಿಂದ 15 ಜನರ ಸಮಿತಿ ಸಾಕು. ಅದರಲ್ಲಿ ಮೂರು ಜನರಾದರೂ ನಿಷೇಧಿತ ಪ್ರದೇಶದ ಮನೆಯವರಿರಲಿ, ಮೂರನೇ ಒಂದು ಪಾಲಾದರೂ ಹೆಂಗಸರಿರಲಿ. ಯಾರ ಹೊಟ್ಟೆಪಾಡಿಗೆ ಪೆಟ್ಟು ಬೀಳಬಹುದೋ ಅವರು ಹೊರಗುಳಿದರೆ ಸಮಿತಿ ಮಾಡಿ ಪ್ರಯೋಜನವಿಲ್ಲ. ಅಧ್ಯಕ್ಷತೆ ವರ್ಷಕ್ಕೊಮ್ಮೆ ಬದಲಾಗಲಿ.

ಬೆಲೆಯ ಮಾತು. ಕೇಂದ್ರದ ಕಾಯ್ದೆಯಲ್ಲಿ ಊರಿನ ಸಮಿತಿಗೆ ಸ್ಮಾರಕದ ಮೇಲೆ ಅಧಿಕಾರವಿಲ್ಲ, ನೇರವಾಗಿ ಹೇಳಬೇಕೆಂದರೆ ಅದು ಸಲಹೆ ಕೊಡಬಹುದು ಅಷ್ಟೆ. ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ 2007ರಲ್ಲಿ ತನ್ನ ಮುಖ್ಯ ಗುರಿಗಳಲ್ಲಿ ‘ಸಮುದಾಯ’ವನ್ನೂ ಸೇರಿಸಿತು. ಆದರೆ ಅದನ್ನು ನೆಲಕ್ಕಿಳಿಸುವ ಕೆಲಸ ಆಯಾ ದೇಶದ್ದು. ಆಸ್ಟ್ರೇಲಿಯಾದ ಉಲುರು ಬಂಡೆಯ ಸುತ್ತಲ ಭೂಮಿಯನ್ನು 1985ರಲ್ಲಿ ಮೂಲನಿವಾಸಿ ಅನಂಗು ಜನರಿಗೆ ಮರಳಿಸಿದರು. ಅಲ್ಲಿನ ಆಡಳಿತ ಮಂಡಳಿಯ 12 ಸದಸ್ಯರಲ್ಲಿ 8 ಮಂದಿ ಅನಂಗು ಜನರೇ. ಬಂಡೆ ಹತ್ತುವುದನ್ನು 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ದು ಆ ಮಂಡಳಿಯ ತೀರ್ಮಾನದಿಂದ. ನಮ್ಮಲ್ಲಿ ಊರವರಿಗೆ ಅಂಥ ಬಹುಮತ ಇಲ್ಲ. ಹಾಗಾಗಿ ನಮ್ಮ ಊರುಗಳ ಬಲ ಕಾಗದದಲ್ಲಿರಬೇಕು.

ಗ್ರಾಮಸಭೆಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ್ದರಿಂದ ಅವಕಾಶ ಸಿಕ್ಕೇ ಸಿಗುತ್ತದೆ. ಠರಾವಿನ ಪ್ರತಿಯನ್ನು ಎಎಸ್‌ಐ ವಲಯದ ಅಧೀಕ್ಷಕ ಪುರಾತತ್ವಜ್ಞರಿಗೆ, ಜಿಲ್ಲಾಧಿಕಾರಿಗೆ, ತಹಶೀಲ್ದಾರರಿಗೆ, ಪೂಜೆ ನಡೆಯುವ ಗುಡಿಯಾದರೆ ಮುಜರಾಯಿ ಇಲಾಖೆಗೂ ಕಳಿಸಿ ಸ್ವೀಕೃತಿ ಪಡೆಯಿರಿ. ಸಮಿತಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಡಿ: ಕಂಡದ್ದೇನು, ಯಾರಿಗೆ ಯಾವತ್ತು ತಿಳಿಸಿದಿರಿ, ಏನಾಯಿತು. ಎಂಟು–ಹತ್ತು ಜಾಗ ಗೊತ್ತು ಮಾಡಿಕೊಂಡು ಪ್ರತಿ ತಿಂಗಳೂ ಅಲ್ಲೇ ನಿಂತು ಫೋಟೊ ತೆಗೆಯಿರಿ. ನಿಲ್ಲುವ ಜಾಗಕ್ಕೆ ಗುರುತು ಹಾಕುವುದಾದರೆ ಕಲ್ಲಿನ ಮೇಲೆ ಬಣ್ಣ ಹಚ್ಚಬೇಡಿ, ದೀಪದ ಕಂಬವನ್ನೋ ಮರವನ್ನೋ ಗುರುತಿಟ್ಟುಕೊಳ್ಳಿ. ಅಧಿಕಾರಿಗಳು ಎರಡು–ಮೂರು ವರ್ಷಕ್ಕೆ ವರ್ಗವಾಗುತ್ತಾರೆ. ಒಂದು ಬಿರುಕು ಐದು ವರ್ಷದಲ್ಲಿ ಎಷ್ಟು ಅಗಲವಾಯಿತು ಎಂದು ಹೇಳಬಲ್ಲವರು ನೀವು ಮಾತ್ರ ಆಗಿರುತ್ತೀರಿ.

ಇನ್ನೊಂದು ಮುಖ್ಯ ಅವಕಾಶವಿದೆ. ಪ್ರತಿ ಸ್ಮಾರಕಕ್ಕೂ ಪಾರಂಪರಿಕ ಉಪವಿಧಿಗಳನ್ನು ರೂಪಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಯಂತ್ರಿತ ಪ್ರದೇಶದಲ್ಲಿ ಎಷ್ಟು ಎತ್ತರ, ಎಂಥ ಮುಂಭಾಗ, ಯಾವ ಬಣ್ಣ ಎಂಬುದೆಲ್ಲ ಅದರಲ್ಲೇ ನಿಗದಿಯಾಗುವುದು. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಸಿಗುವುದು 30 ದಿನ. ಕರಡು ಬರುವುದು ಜಾಲತಾಣದಲ್ಲಿ, ಊರಿಗೆ ಗೊತ್ತಾಗುವುದು ಅವಧಿ ಮುಗಿದ ಮೇಲೆ. ನಿಮ್ಮ ಸಮಿತಿಯ ಒಬ್ಬ ಯುವಕನಿಗೋ ಯುವತಿಗೋ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಜಾಲತಾಣವನ್ನು ಹದಿನೈದು ದಿನಕ್ಕೊಮ್ಮೆ ನೋಡುವ ಕೆಲಸ ವಹಿಸಿ. ಕರಡು ಬಂದೊಡನೆ ಅದನ್ನು ಕನ್ನಡದಲ್ಲಿ ಓದಿ ಹೇಳುವ ವಿಶೇಷ ಗ್ರಾಮಸಭೆ ಕರೆಯಿರಿ.

ಇಂಥ ಸಮಿತಿಗಳು ಕೆಡುವ ಬಗೆಯೂ ಗೊತ್ತಿರಲಿ. ಉತ್ಸವದ ಶಾಮಿಯಾನ, ಊಟದ ಏರ್ಪಾಡಿಗೆ ಮಾತ್ರ ಕರೆಯುವ ಸಮಿತಿಯಾಗಿಬಿಡುತ್ತದೆ. ಪಾರ್ಕಿಂಗ್ ಗುತ್ತಿಗೆ ಹಿಡಿದವರೇ ಸದಸ್ಯರಾಗಿ ಬರುತ್ತಾರೆ. ಸಭೆ ರಾತ್ರಿ ಎಂಟಕ್ಕಿಟ್ಟರೆ ಹೆಂಗಸರು ಬರುವುದಿಲ್ಲ, ಸುಗ್ಗಿಯಲ್ಲಿಟ್ಟರೆ ರೈತರು ಬರುವುದಿಲ್ಲ. ಗುತ್ತಿಗೆ ಹಿಡಿದವರು ಆ ಅವಧಿಯಲ್ಲಿ ಸದಸ್ಯರಾಗಿರಬಾರದು ಎಂಬ ನಿಯಮವನ್ನು ಮೊದಲ ಠರಾವಿನಲ್ಲೇ ಬರೆದುಬಿಡಿ.

ಹಂಪಿಯಲ್ಲಿ ಬಜಾರಿನ ಮಂಟಪಗಳಲ್ಲಿದ್ದವರನ್ನು ತೆರವು ಮಾಡಿದರು, ಆಮೇಲೆ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲೂ ಹಾಗೇ ಆಯಿತು. ಹೀಗಿರುವಾಗ ‘ಸ್ಥಳೀಯರ ಸಹಭಾಗಿತ್ವ’ ಎಂದರೆ ಯಾರು ನಂಬುತ್ತಾರೆ?
— ಹೊಸಪೇಟೆ

ನಿಮ್ಮ ಪ್ರಶ್ನೆಯಲ್ಲಿರುವ ನೋವು ನ್ಯಾಯವಾದದ್ದು. ಹಂಪಿಯಲ್ಲಿ ನಡೆದದ್ದನ್ನು ವರ್ಷದ ಲೆಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ತಪ್ಪಿತು ಎಂಬುದು ಕಾಣುತ್ತದೆ.

ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. ಆಗ ಪಟ್ಟಿಯಾದದ್ದು ಸ್ಮಾರಕಗಳು. ಅವುಗಳ ನಡುವಿನ ಊರು, ಗದ್ದೆ, ಕಾಲುವೆ, ಹೊಳೆ ದಾಟುವ ಜನ, ಇವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಳವಾರಘಟ್ಟ–ಆನೆಗೊಂದಿ ಸೇತುವೆಯ ಕೆಲಸದಿಂದಾಗಿ 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. ಅರ್ಧಕ್ಕೆ ನಿಂತು ಮತ್ತೆ ಶುರುವಾಗಿದ್ದ ಅದೇ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಆನೆಗೊಂದಿಯವರಿಗೆ ಸೇತುವೆ ಬೇಕಾಗಿದ್ದು ಸುಳ್ಳಲ್ಲ. ತುಂಗಭದ್ರೆ ತುಂಬಿದಾಗ ಹರಿಗೋಲು ನಿಲ್ಲುತ್ತದೆ, ಆಸ್ಪತ್ರೆಗೆ ಹೋಗುವವರು ಹತ್ತಾರು ಮೈಲಿ ಸುತ್ತಬೇಕು. ತಪ್ಪಾಗಿದ್ದು ಜಾಗ. ಊರಿನ ಅಗತ್ಯವನ್ನೂ ಸ್ಮಾರಕದ ಅಗತ್ಯವನ್ನೂ ಒಂದೇ ಸಭೆಯಲ್ಲಿ, ಕಂಬ ಏಳುವ ಮುಂಚೆ ಚರ್ಚಿಸಿದ್ದರೆ ಬೇರೆ ಜಾಗ ಆಗಲೇ ಸಿಗುತ್ತಿತ್ತು. ಕೊನೆಗೆ ಸೇತುವೆ ಆದದ್ದು ಹೊಳೆಯ ಹರಿವಿನ ಕೆಳಗಡೆ, ಬುಕ್ಕಸಾಗರ–ಕಡೇಬಾಗಿಲು ನಡುವೆ.

2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. ಅದರ ವ್ಯಾಪ್ತಿ ಸುಮಾರು 236 ಚದರ ಕಿಲೊಮೀಟರ್, 29 ಊರುಗಳು, ಹೊಳೆಯ ಎರಡೂ ದಡದ ಎರಡು ಜಿಲ್ಲೆ. ಎಎಸ್‌ಐ, ರಾಜ್ಯ ಪುರಾತತ್ವ, ಮುಜರಾಯಿ, ನೀರಾವರಿ, ಅರಣ್ಯ, ಕಂದಾಯ ಎಲ್ಲವೂ ಒಂದು ಮೇಜಿಗೆ ಬರಲಿ ಎಂಬ ಆಲೋಚನೆ ಸರಿಯಾದದ್ದೇ. ಆದರೆ 2011ರ ಜುಲೈನಲ್ಲಿ ಬಜಾರು ತೆರವಾದಾಗ ಮನೆ ಕಳೆದುಕೊಂಡವರಿಗೆ ಬದಲಿ ಜಾಗ ಇನ್ನೂ ಸಿದ್ಧವಿರಲಿಲ್ಲ. ಕಡ್ಡಿರಾಂಪುರದಲ್ಲಿ ನಿವೇಶನ ಬಂದದ್ದು ಆಮೇಲೆ. ಸಾಲು ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ, ಚಾವಣಿ ಮೇಲೆ ಕಾಂಕ್ರೀಟು ಹಾಕಿದ್ದರಿಂದ ಕಲ್ಲಿಗೆ ಹಾನಿಯಾಗುತ್ತಿದ್ದುದೂ ನಿಜ. ವಿರೂಪಾಕ್ಷನ ಬಾಗಿಲಿಂದ ಕೆಲವು ಕಿಲೊಮೀಟರ್ ದೂರದಲ್ಲಿ ಮನೆ ಕೊಟ್ಟರೆ ಅಂಗಡಿಯ ಬದುಕು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರ ಮಾರ್ಚ್‌ನಲ್ಲಿ ನೆಲಸಮವಾದವು. ಕೃಷಿ ಭೂಮಿಯಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳು ಹೆಚ್ಚುತ್ತಾ ಹೋಗುವಾಗ ತಡೆಯದೆ, ಎಲ್ಲರ ಹಣ ಅಲ್ಲಿ ಹೂತ ಮೇಲೆ ಕೆಡವಿದ್ದರಿಂದ ಪೆಟ್ಟು ತಿಂದವರಲ್ಲಿ ಅಡುಗೆಯವರು, ಹರಿಗೋಲಿನವರು, ಕೋಣೆ ಗುಡಿಸುವವರೂ ಇದ್ದರು.

ಇದರಿಂದ ತೆಗೆದುಕೊಳ್ಳಬೇಕಾದ ಕ್ರಮ ಹೀಗಿದೆ. ಯಾವುದೇ ತೆರವಿಗೆ ಮುಂಚೆ ಮನೆಮನೆಯ ಸಮೀಕ್ಷೆ ಆಗಬೇಕು. ಅದರಲ್ಲಿ ಆಸ್ತಿಯ ಜೊತೆಗೆ ದಿನದ ಗಳಿಕೆಯೂ, ಬಾಡಿಗೆಗಿರುವವರೂ ದಾಖಲಾಗಬೇಕು. ಬದಲಿ ಅಂಗಡಿ ಪ್ರವಾಸಿಗರು ಇಳಿಯುವ ಜಾಗದಲ್ಲೇ, ಕೀಲಿ ಕೈಗೆ ಸಿಗುವಷ್ಟು ಸಿದ್ಧವಾಗಿರಬೇಕು. ಹಂಪಿಯ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಆ ಆರು ತಿಂಗಳ ದುಡಿಮೆಯಲ್ಲೇ ವರ್ಷ ಸಾಗಬೇಕು. ಆದ್ದರಿಂದ ಸ್ಥಳಾಂತರ ಏಪ್ರಿಲ್‌ನಲ್ಲಿ ಶುರುವಾಗಿ ಮಳೆಗಾಲದೊಳಗೆ ಮುಗಿಯಬೇಕು. ಹಳೆಯ ಜಾಗ ಬಿಟ್ಟ ಕುಟುಂಬಕ್ಕೆ ಹೊಸ ಜಾಗದಲ್ಲಿ ಮೊದಲ ಹಕ್ಕು ಎಂಬುದು ಭಾಷಣದಲ್ಲಿದ್ದರೆ ಸಾಲದು, ಹಂಚಿಕೆ ಪತ್ರದಲ್ಲಿರಬೇಕು.

ನಂಬಿಕೆ ಹುಟ್ಟಬಲ್ಲ ಎಳೆಗಳೂ ಅಲ್ಲೇ ಇವೆ. ವಿಜಯನಗರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇವತ್ತಿಗೂ ಬತ್ತ, ಬಾಳೆ, ಕಬ್ಬಿಗೆ ನೀರುಣಿಸುತ್ತಿವೆ. ಆ ನೀರು ಹಂಚಿಕೊಳ್ಳುವ ರೈತರಿಗಿಂತ ಚೆನ್ನಾಗಿ ಹಂಪಿಯ ನೆಲ ಬಲ್ಲವರಿಲ್ಲ. ಕಾಲುವೆಯ ಯಾವುದೇ ಕಾಮಗಾರಿಗೆ ಅವರನ್ನು ಕೇಳಬೇಕಾದದ್ದು ಕನಿಷ್ಠ ಸೌಜನ್ಯ. ಆನೆಗೊಂದಿಯ ಹೆಂಗಸರು ಬಾಳೆ ನಾರಿನಿಂದ ಚೀಲ, ಚಾಪೆ ಹೆಣೆದು ಮಾರುತ್ತಾರೆ. ವಿಜಯ ವಿಠ್ಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿಗಳನ್ನು ಹೆಣ್ಣುಮಕ್ಕಳು ಓಡಿಸುತ್ತಾರೆ. 2019ರಲ್ಲಿ ಕಂಬಗಳನ್ನು ಉರುಳಿಸಿದ ಯುವಕರ ವಿಡಿಯೊ ಹರಿದಾಡಿದಾಗ ಪ್ರಕರಣ ಕೋರ್ಟಿಗೆ ಹೋಗಿ, ಅವರಿಂದಲೇ ಕಂಬ ನಿಲ್ಲಿಸಿ ತಲಾ 70,000 ರೂಪಾಯಿ ದಂಡ ಕಟ್ಟಿಸಲಾಯಿತು. ಇಷ್ಟು ವಿಸ್ತಾರದ ಜಾಗವನ್ನು ಕಾವಲುಗಾರರಿಂದ ಕಾಯಲಾಗದು. ಅಲ್ಲೇ ಓಡಾಡುವವರ ಕಣ್ಣು ಬೇಕು, ಆ ಕಣ್ಣಿಗೆ ಅಲ್ಲಿ ಅನ್ನವೂ ಇರಬೇಕು.

ಟಿಕೆಟ್ ಹಣದಲ್ಲಿ ಊರಿಗೆ ಪಾಲು ಕೇಳಬಹುದೇ?
— ಮೈಸೂರು ಜಿಲ್ಲೆ

ಎಎಸ್‌ಐ ಟಿಕೆಟ್ಟಿನ ಹಣ ಕೇಂದ್ರ ಸರ್ಕಾರದ ಖಜಾನೆಗೆ ಹೋಗುತ್ತದೆ, ಪಂಚಾಯಿತಿಗೆ ನೇರ ಪಾಲಿಲ್ಲ. ಊರಿಗೆ ಬರಬಲ್ಲ ಆದಾಯ ಗೇಟಿನ ಹೊರಗಿದೆ: ಪಂಚಾಯಿತಿ ಜಾಗದ ಪಾರ್ಕಿಂಗ್, ಶೌಚಾಲಯ, ಅಂಗಡಿ ಬಾಡಿಗೆ, ಹೋಂಸ್ಟೇ. ಪಾರ್ಕಿಂಗ್ ಹರಾಜಿನ ಹಣದಲ್ಲಿ ಇಂತಿಷ್ಟು ಪಾಲು ಕಸ ವಿಲೇವಾರಿಗೆ ಮತ್ತು ಸ್ಮಾರಕದ ಸುತ್ತಿನ ದಾರಿಗೆ ಎಂದು ಗ್ರಾಮಸಭೆಯಲ್ಲೇ ಗೊತ್ತುಪಡಿಸಿ, ಲೆಕ್ಕವನ್ನು ಫಲಕದಲ್ಲಿ ಬರೆಯಿರಿ. ಫಲಕದಲ್ಲಿ ಲೆಕ್ಕ ಇಲ್ಲದ ಊರುಗಳಲ್ಲಿ ಎರಡನೇ ವರ್ಷಕ್ಕೇ ಜಗಳ ಶುರುವಾಗುತ್ತದೆ.

ನಮ್ಮ ಯುವಕ ಸಂಘದವರು ಗುಡಿಯಲ್ಲಿ ಶ್ರಮದಾನ ಮಾಡಬೇಕೆಂದಿದ್ದಾರೆ. ಗೋಪುರದಲ್ಲಿ ಅರಳಿ ಗಿಡ ಬೆಳೆದಿದೆ. ಕಪ್ಪಾದ ಶಿಲ್ಪಗಳನ್ನೂ ತೊಳೆಯಬಹುದೇ?
— ಶಿವಮೊಗ್ಗ ಜಿಲ್ಲೆ

ಶಿಲ್ಪ ತೊಳೆಯಬೇಡಿ. ಅರಳಿ ಗಿಡ ಕೀಳಬೇಡಿ. ಬೇರು ಕಲ್ಲಿನ ಸಂದಿಯೊಳಗೆ ಹಬ್ಬಿರುತ್ತದೆ, ಎಳೆದರೆ ಕಲ್ಲೇ ಕಿತ್ತುಬರುತ್ತದೆ. ಮೇಲಷ್ಟೇ ಕತ್ತರಿಸಿದರೆ ಮುಂದಿನ ಮಳೆಗೆ ಇನ್ನೂ ದಪ್ಪವಾಗಿ ಚಿಗುರುತ್ತದೆ. ಬುಡ ಕತ್ತರಿಸಿ, ಬೇರಿಗೆ ಔಷಧಿ ಹಾಕಿ ಸಾಯಿಸಿ, ಸಂದಿಗೆ ಸುಣ್ಣದ ಗಾರೆ ತುಂಬುವ ಕೆಲಸ ಇಲಾಖೆಯ ಸಂರಕ್ಷಣಾ ಸಿಬ್ಬಂದಿಯದು. ಗಿಡ ಗೇಣುದ್ದ ಇರುವಾಗಲೇ ಫೋಟೊ ತೆಗೆದು ಬರಹದಲ್ಲಿ ತಿಳಿಸಿ, ತಿಂಗಳಿಗೊಮ್ಮೆ ನೆನಪಿಸಿ.

ಹೊಯ್ಸಳರ ಬಳಪದ ಕಲ್ಲು ಮೆತ್ತನೆಯದು. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ, ಒತ್ತಡದ ನೀರು, ಮರಳು ಚಿಮ್ಮಿಸುವ ಯಂತ್ರ, ಇವು ಒಂದು ಮಧ್ಯಾಹ್ನದಲ್ಲಿ ಕೆತ್ತನೆಯ ಅಂಚನ್ನು ತೆಗೆದುಬಿಡುತ್ತವೆ. ಬಿರುಕಿಗೆ ಸಿಮೆಂಟ್ ಮೆತ್ತುವುದು ಇನ್ನೊಂದು ಸಾಮಾನ್ಯ ತಪ್ಪು. ಸಿಮೆಂಟು ಹಳೆಯ ಕಲ್ಲು, ಗಾರೆಗಿಂತ ಗಡಸು, ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರಿನ ಜೊತೆ ಉಪ್ಪು ಕಲ್ಲಿನ ಮೇಲ್ಮೈಗೆ ಬಂದು ಹರಳುಗಟ್ಟಿ ಪದರ ಪದರವಾಗಿ ಉದುರಿಸುತ್ತದೆ.

ಶ್ರಮದಾನಕ್ಕೆ ಸಿಗುವ ನಿಜವಾದ ಕೆಲಸ ನೀರಿನದು. ಮೇ ತಿಂಗಳಲ್ಲಿ, ಇಲಾಖೆಯ ಸಿಬ್ಬಂದಿ ಎದುರಿಗಿರುವಾಗ, ಪ್ರಾಂಗಣದ ಮೋರಿ ಮತ್ತು ಹೊರಗಿನ ಚರಂಡಿಯ ಹೂಳೆತ್ತಿ. ಬುಡದಲ್ಲಿ ನೀರು ನಿಲ್ಲದಿದ್ದರೆ ಗುಡಿಯ ಅರ್ಧ ರೋಗ ಬರುವುದೇ ಇಲ್ಲ. ನೆಲದಲ್ಲಿ ಬಿದ್ದ ಕೆತ್ತನೆಯ ತುಂಡು ಸಿಕ್ಕರೆ ಸರಿಸಬೇಡಿ, ಇದ್ದಲ್ಲೇ ಫೋಟೊ ತೆಗೆದು ತಿಳಿಸಿ.

ಪೂಜೆ ನಡೆಯುವ ಗುಡಿ ನಮ್ಮದು. ಇಲಾಖೆಯವರು ಎಣ್ಣೆ, ಕುಂಕುಮ, ಕರ್ಪೂರಕ್ಕೆ ಅಡ್ಡಿ ಮಾಡುತ್ತಾರೆ. ಭಕ್ತಿಗೂ ಕಾನೂನೇ?
— ಚಿಕ್ಕಮಗಳೂರು ಜಿಲ್ಲೆ

ರಕ್ಷಣೆಗೆ ಸೇರುವಾಗ ನಡೆಯುತ್ತಿದ್ದ ಪೂಜೆಯನ್ನು ಯಾರೂ ನಿಲ್ಲಿಸುವಂತಿಲ್ಲ. ಬೇಲೂರಿನಲ್ಲಿ ಚೆನ್ನಕೇಶವನಿಗೆ ನಿತ್ಯ ಪೂಜೆಯೂ ಇದೆ, ಎಎಸ್‌ಐ ರಕ್ಷಣೆಯೂ ಇದೆ. ಅಡ್ಡಿ ಇರುವುದು ಗರ್ಭಗುಡಿಯ ಹೊರಗಿನ ಶಿಲ್ಪಗಳಿಗೆ ಎಣ್ಣೆ, ಅರಿಶಿನ ಬಳಿಯುವುದಕ್ಕೆ. ಎಣ್ಣೆಯ ಮೇಲೆ ಧೂಳು ಕೂತು ಗಟ್ಟಿಯಾಗುತ್ತದೆ, ಅದನ್ನು ತೆಗೆಯುವಾಗ ಕಲ್ಲೂ ಸವೆಯುತ್ತದೆ. ಕರ್ಪೂರದ ಬಿಸಿ ಒಂದೇ ಕಡೆ ಬಿದ್ದರೆ ಕಲ್ಲು ಹೊಪ್ಪಳಿಕೆ ಏಳುತ್ತದೆ.

ಇದನ್ನು ಫಲಕ ಹಾಕಿ ತಡೆಯಲಾಗದು. ಅರ್ಚಕರೇ ಹೇಳಿದರೆ ಭಕ್ತರು ಕೇಳುತ್ತಾರೆ. ಹೊರಗೆ ಮರಳು ತುಂಬಿದ ದೀಪದ ಕಟ್ಟೆ, ಕಾಯಿ ಒಡೆಯಲು ಬೇರೆ ಕಲ್ಲು, ಕುಂಕುಮಕ್ಕೆ ತಾಮ್ರದ ತಟ್ಟೆ ಎಲ್ಲಿರಬೇಕು ಎಂಬುದನ್ನು ಅರ್ಚಕರು ಮತ್ತು ಸಂರಕ್ಷಣಾ ಸಹಾಯಕರು ಜೊತೆಯಲ್ಲಿ ನಿಂತು ಗೊತ್ತು ಮಾಡಲಿ. ಜಾತ್ರೆಗೆ ಒಂದು ತಿಂಗಳ ಮುಂಚೆ ಈ ಮಾತುಕತೆ ಮುಗಿದಿರಬೇಕು. ಜಾತ್ರೆಯ ದಿನ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮೂರ ಹಳೆಯ ಗುಡಿ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಬೀಳುವಂತಿದೆ. ದಾರಿ ಇದೆಯೇ?
— ಹಾವೇರಿ ಜಿಲ್ಲೆ

ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇಂಥ ಗುಡಿಗಳನ್ನು ಹಳೆಯ ರೂಪದಲ್ಲೇ ಎತ್ತಿ ನಿಲ್ಲಿಸುತ್ತ ಬಂದಿದೆ. ಖರ್ಚಿನಲ್ಲಿ ರಾಜ್ಯ ಸರ್ಕಾರ 40, ಟ್ರಸ್ಟ್ 40, ಊರವರು 20 ಪಾಲು ಹಾಕುವ ಪದ್ಧತಿ ಅವರದು. ಆ 20 ಪಾಲು ಚಿಕ್ಕದೆನಿಸಿದರೂ ಅದರಿಂದಲೇ ಗುಡಿ ಮುಂದೆಯೂ ಚೊಕ್ಕವಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಕೆಡವಿ ಹೊಸದು ಕಟ್ಟುವ, ಎನಾಮಲ್ ಬಣ್ಣ ಬಳಿಯುವ, ಟೈಲ್ಸ್ ಹಾಕಿಸುವ ದಾನಿಗಳಿಗೆ ಕಾಯಲು ಹೇಳಿ.

ಹೊಲ ಉಳುವಾಗ ಮುರಿದ ವಿಗ್ರಹ ಸಿಕ್ಕಿದೆ. ತಿಳಿಸಿದರೆ ಹೊಲವೇ ಹೋಗುತ್ತದೆ ಎಂದು ಹೆದರಿಸುತ್ತಿದ್ದಾರೆ.
— ಗದಗ ಜಿಲ್ಲೆ

ಒಂದು ವಿಗ್ರಹ ಸಿಕ್ಕ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಜಾಗವನ್ನು ರಕ್ಷಿತ ಎಂದು ಘೋಷಿಸಲು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕಾಗುತ್ತದೆ. ಮುಚ್ಚಿಡುವುದರಲ್ಲೇ ಅಪಾಯ ಹೆಚ್ಚು. ವಿಗ್ರಹವನ್ನು ತೊಳೆಯದೆ, ಸಿಕ್ಕ ಜಾಗದಿಂದ ಸರಿಸದೆ ಫೋಟೊ ತೆಗೆದು, ಸರ್ವೆ ನಂಬರ್ ಬರೆದು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಪುರಾತತ್ವ ಇಲಾಖೆಗೂ ಕಳಿಸಿ. ಅದು ನಿಮ್ಮೂರಲ್ಲೇ ಉಳಿಯಬೇಕೆಂಬ ಆಸೆ ಊರವರಿಗಿದ್ದರೆ ಆ ಅರ್ಜಿಯಲ್ಲೇ ಬರೆಯಿರಿ, ಜೊತೆಗೆ ಬೀಗ ಹಾಕಬಹುದಾದ ಯಾವ ಕೋಣೆ ಕೊಡುತ್ತೀರಿ, ಕಾಯುವವರು ಯಾರು ಎಂಬುದನ್ನೂ ತಿಳಿಸಿ.